ಸ್ಟೀಫನ್ನ ಮತಚೀಟಿ

ಲೂರ್ದ್ ನಾಮಪತ್ರ ತಂದು ಮೇಜಿನ ಮೇಲಿಟ್ಟಾಗ ಕ್ಲಾರೆನ್ಸರು ಕನ್ನಡಕ ಏರಿಸಿ ಅದನ್ನು ಎರಡೆರಡು ಸಲ ಓದಿದರು. ಹುದ್ದೆ ಎಂಬಲ್ಲಿ ‘ಮುಖ್ಯ ಚುನಾವಣಾಧಿಕಾರಿ’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಅದು ಕ್ಲಾರೆನ್ಸರದೇ ಹುದ್ದೆ. ಹನ್ನೊಂದು ವರ್ಷಗಳಲ್ಲಿ ಅದಕ್ಕೆ ಎದುರು ನಿಲ್ಲುವ ಉಸಾಬರಿಗೆ ಯಾರೂ ಹೋಗಿರಲಿಲ್ಲ.

“ಸಾಂಸ್ಕೃತಿಕ ಕಾರ್ಯದರ್ಶಿಗೆ ನಿಲ್ಲು ಮಾರಾಯ್ತಿ,” ಎಂದರು. “ಅದಕ್ಕೆ ಹೆಂಗಸರು ಬೇಕೂಂತ ನಾವೇ ಹುಡುಕ್ತಾ ಇದ್ದೇವೆ.”

“ನನಗೆ ಡ್ಯಾನ್ಸ್ ಬರುವುದಿಲ್ಲ ಕ್ಲಾರೆನ್ಸ್ ಬಾಬ್. ಸೀಲು ಹೊಡೆದು ಕೊಡಿ.”

ಸೀಲು ಎಂದ ಕೂಡಲೇ ಕ್ಲಾರೆನ್ಸರ ಕೈ ತಾನಾಗಿಯೇ ಡ್ರಾಯರಿಗೆ ಹೋಯಿತು. ಕೊಂಕಣಿಯ ಮರ್ಯಾದೆಯಲ್ಲಿ ಎಲ್ಲರೂ ‘ಬಾಬ್’ ಎಂದು ಕರೆಯುವ, ದುಬೈಯ ದೇರಾದಲ್ಲಿ ಟೈಪಿಂಗ್ ಸೆಂಟರ್ ನಡೆಸುವ ಮನುಷ್ಯ ಅವರು. ವೀಸಾ ಅರ್ಜಿ, ಬಾಡಿಗೆ ಕರಾರು, ಮಗು ಹುಟ್ಟಿದ ಕಾಗದ, ಹೀಗೆ ಕರಾವಳಿಯಿಂದ ಬಂದ ಎಷ್ಟೋ ಮಂದಿಯ ಅರ್ಧ ಬದುಕು ಅವರ ಕೀಬೋರ್ಡಿನಿಂದಲೇ ಹೊರಬಿದ್ದದ್ದು. ಬಾಯಿಮಾತಿಗೆ ಅವರಲ್ಲಿ ಬೆಲೆಯಿಲ್ಲ. ಬರೆಯಬೇಕು, ಸಹಿ ಬೀಳಬೇಕು, ಅದರ ಮೇಲೆ ನೀಲಿ ಸೀಲು ಕೂರಬೇಕು.

ಈ ಹುದ್ದೆಯ ಕತೆಯನ್ನು ಸ್ವಲ್ಪ ಹೇಳಿಬಿಡಬೇಕು. ಬೇರೆ ಸಂಘಗಳಲ್ಲಿ ಚುನಾವಣಾಧಿಕಾರಿಯೆಂದರೆ ಯಾರ ತಂಟೆಗೂ ಹೋಗದ ಒಬ್ಬ ಹಿರಿಯರು. ಏಳು ಎಮಿರೇಟುಗಳ ನಮ್ಮ ಕರಾವಳಿಯವರ ಈ ಸಂಘದಲ್ಲಿ ಆ ಹಿರಿಯರು ಯಾರಾಗಬೇಕೆಂದು ಎರಡು ಬಣಗಳು ಕಚ್ಚಾಡಿ, ಕೊನೆಗೆ ಸಮಿತಿಯ ಚುನಾವಣೆಗೆ ಮೂರು ತಿಂಗಳ ಮುಂಚೆ ಚುನಾವಣಾಧಿಕಾರಿಯನ್ನೇ ಚುನಾವಣೆಯಲ್ಲಿ ಆರಿಸುವುದೆಂದು ತೀರ್ಮಾನವಾಗಿತ್ತು. ಆ ಚುನಾವಣೆ ನಡೆಸುವವರು ಯಾರು? ಆಗ ಹುದ್ದೆಯಲ್ಲಿರುವವರೇ. ನಗಬೇಡಿ, ಪರೀಕ್ಷೆಗೆ ಕೂತವನೇ ಉತ್ತರಪತ್ರಿಕೆ ತಿದ್ದುವ ಈ ಏರ್ಪಾಡು ಅಲ್ಲಿ ಯಾರಿಗೂ ವಿಚಿತ್ರವೆನಿಸಿರಲಿಲ್ಲ. ಅಧ್ಯಕ್ಷರು ಎರಡು ವರ್ಷಕ್ಕೊಮ್ಮೆ ಬಂದು ಶಾಲು ಹೊದೆಸಿಕೊಂಡು ಹೋಗುತ್ತಿದ್ದರು. ಸದಸ್ಯರ ಪಟ್ಟಿ ಮಾತ್ರ ಕ್ಲಾರೆನ್ಸರ ಕಪಾಟಿನಲ್ಲೇ ಉಳಿಯುತ್ತಿತ್ತು.

ಆ ಪಟ್ಟಿಯ ಜೀವ ಹದಿನಾಲ್ಕನೇ ನಿಯಮದಲ್ಲಿತ್ತು: ಒಂದು ಕುಟುಂಬದ ಮತಗಳನ್ನೆಲ್ಲ ವೀಸಾ ಯಾರ ಹೆಸರಿನಲ್ಲಿದೆಯೋ ಆ ಪ್ರಾಯೋಜಕರೇ ಹಾಕತಕ್ಕದ್ದು. ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಸಾಲಿನಲ್ಲಿ ನಿಲ್ಲುವುದು ಕಷ್ಟ ಎಂದು ಯಾವ ಕಾಲದಲ್ಲೋ ಮಾಡಿದ ಉಪಕಾರವಂತೆ. ಆ ಉಪಕಾರದ ಭಾರ ಹೆಂಗಸರು ಇಪ್ಪತ್ತೆರಡು ವರ್ಷ ಹೊತ್ತಿದ್ದರು. ಗಂಡ ಎರಡು ಚೀಟಿ ಹಿಡಿದು ಪರದೆಯ ಹಿಂದೆ ಹೋಗುತ್ತಿದ್ದ, ಹೆಂಡತಿ ಬಿರಿಯಾನಿಯ ಕೂಪನ್ ಹಿಡಿದು ಹೊರಗೆ ಕೂತಿರುತ್ತಿದ್ದಳು.

ಲೂರ್ದಳೂ ಹಾಗೆ ಕೂತವಳೇ. ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ಡಯಾಲಿಸಿಸ್ ನರ್ಸ್. ದಿನಕ್ಕೆ ಹನ್ನೆರಡು ಮಂದಿಯ ರಕ್ತ ಅವಳ ಕಣ್ಣೆದುರು ಯಂತ್ರದೊಳಗೆ ಹೋಗಿ ಬರುತ್ತಿತ್ತು. ಅಷ್ಟು ಜವಾಬ್ದಾರಿಯ ಹೆಂಗಸಿಗೆ ಒಂದು ಚೀಟಿ ಮಡಚಿ ಡಬ್ಬಿಗೆ ಹಾಕಲು ಗಂಡನ ಕೈ ಬೇಕಾಗಿತ್ತು. ಕೆಲಸ ತನ್ನದಾದರೂ ವೀಸಾ ಗಂಡ ಸ್ಟೀಫನ್ನ ಹೆಸರಿನಲ್ಲಿದ್ದುದರಿಂದ ಅವಳು ಪಟ್ಟಿಯಲ್ಲಿ ‘ಅವಲಂಬಿತೆ’.

ಆರು ವರ್ಷದ ಹಿಂದೆ ಅವಳ ಗೆಳತಿ ಕ್ಲಾರಾ ಸಮಿತಿಗೆ ನಿಂತಿದ್ದಳು. ಅಬುಧಾಬಿಯ ಖಾಲಿದಿಯಾದಲ್ಲಿ ಮನೆ ಮಾಡಿರುವ, ಕಚೇರಿ ಕೆಲಸದ ಕ್ಲಾರಾ ಒಂಟಿ ಹೆಂಗಸು, ಕಂಪನಿ ವೀಸಾ, ಹಾಗಾಗಿ ತನ್ನ ಮತ ತಾನೇ ಹಾಕುವವಳು. ನನ್ನದು ನಿನಗೇ ಎಂದು ಲೂರ್ದ್ ಮಾತು ಕೊಟ್ಟಿದ್ದಳು, ಸ್ಟೀಫನ್ನಿಗೂ ಹತ್ತು ಸಲ ಹೇಳಿ ಕಳಿಸಿದ್ದಳು. ಅವನು ಎರಡೂ ಚೀಟಿಯನ್ನು ಕ್ಲಾರೆನ್ಸರು ತೋರಿಸಿದ ಮನುಷ್ಯನಿಗೆ ಹಾಕಿ ಬಂದ. ಕ್ಲಾರಾ ಒಂದೇ ಒಂದು ಮತದಿಂದ ಸೋತಳು. ಮರುದಿನ ಲೂರ್ದ್ ಅವಳ ಮನೆಗೆ ಹೋಗಿ, ಅವಳು ಬಡಿಸಿದ ಇಡ್ಲಿಯಂಥ ಸಾನ್ನಾಣ್ ತಿಂದು, ನಾನಂತೂ ನಿನಗೇ ಹಾಕಿದ್ದೆ ಎಂದು ಹೇಳಿ ಬಂದಳು. ಆ ಸುಳ್ಳು ಇವತ್ತಿಗೂ ಅವಳ ಗಂಟಲಲ್ಲೇ ಇದೆ. ಕ್ಲಾರಾ ಅಲ್ಲಿಂದೀಚೆಗೆ ಸಂಘದ ಕಡೆ ತಲೆ ಹಾಕಿ ಮಲಗಿಲ್ಲ.

ಕಳೆದ ವರ್ಷ ಸ್ಟೀಫನ್ ಕೆಲಸದಲ್ಲಿದ್ದ ಹೋಟೆಲು ದುರಸ್ತಿಗೆಂದು ಬಾಗಿಲು ಹಾಕಿತು. ಅವನ ವೀಸಾ ರದ್ದಾಯಿತು. ಲೂರ್ದ್ ಆಸ್ಪತ್ರೆಯಿಂದ ತನ್ನ ಹೆಸರಿಗೇ ವೀಸಾ ಮಾಡಿಸಿಕೊಂಡು ಗಂಡನನ್ನು ಅದರಡಿ ತಂದಳು. ಆ ಅರ್ಜಿ ಟೈಪ್ ಮಾಡಿದವರೂ ಕ್ಲಾರೆನ್ಸರೇ. ಪ್ರಾಯೋಜಕಿ ಲೂರ್ದ್, ಅವಲಂಬಿತ ಸ್ಟೀಫನ್ ಎಂದು ಎರಡು ಬೆರಳಲ್ಲಿ ಟಕಟಕ ಕುಟ್ಟಿ, ಸಂಘದ ಪಟ್ಟಿಯಲ್ಲೂ ಅದನ್ನು ತಪ್ಪದೆ ತಿದ್ದಿ, ಚಹಾ ಕುಡಿದು ಅದನ್ನು ಮರೆತರು. ತಮ್ಮ ಹದಿನಾಲ್ಕನೇ ನಿಯಮ ಗಂಡಸರಿಗೂ ತಗಲುತ್ತದೆಂದು ಅವರ ತಲೆಗೆ ಹೊಳೆಯಲೇ ಇಲ್ಲ.

ಲೂರ್ದ್ ನಿಂತದ್ದು ಒಂದೇ ಮಾತಿನ ಮೇಲೆ: ನಾನು ಬಂದರೆ ಆ ನಿಯಮ ಹೋಗುತ್ತದೆ, ಅವರವರ ಚೀಟಿ ಅವರವರ ಕೈಗೆ. ಡ್ಯೂಟಿ ಮುಗಿಸಿ, ಯೂನಿಫಾರ್ಮಿನಲ್ಲೇ, ನರ್ಸುಗಳ ವಸತಿಗೆ, ಶಾರ್ಜಾದ ಫ್ಲ್ಯಾಟುಗಳಿಗೆ, ನೈಫಿನ ಅಂಗಡಿಗಳಿಗೆ ಹೋದಳು. ಕೆಲವು ಗಂಡಸರು ಬಾಗಿಲಲ್ಲೇ ನಿಂತು ಮಾತಾಡಿ ಕಳಿಸಿದರು. ಕೆಲವರು ಒಳಗೆ ಕರೆದು ಜ್ಯೂಸ್ ಕೊಟ್ಟು, ಮನೆಯಲ್ಲಿ ನಮ್ಮಲ್ಲಿ ಭೇದವಿಲ್ಲ ಸಿಸ್ಟರ್, ಇವಳದು ನಂದು ಒಂದೇ ಅಭಿಪ್ರಾಯ ಎಂದರು. ಒಂದೇ ಆದರೆ ನಿಮ್ಮ ಬದಲು ಅವರೇ ಹಾಕಲಿ ಎಂದು ಲೂರ್ದ್ ಹೇಳಿದಾಗ ಜ್ಯೂಸು ಬೇಗ ಮುಗಿಯುತ್ತಿತ್ತು.

ಮೂರು ವಾರದಲ್ಲಿ ಗಾಳಿ ತಿರುಗಿತು. ಒಂಟಿ ನರ್ಸುಗಳು, ಹೋಟೆಲಿನ ಹುಡುಗಿಯರು, ಕಂಪನಿ ವೀಸಾದ ಗಂಡಸರಲ್ಲೂ ಹಲವರು ಅವಳ ಕಡೆ ಬಂದರು. ಕ್ಲಾರೆನ್ಸರು ಲೆಕ್ಕ ಹಾಕಿ ಬೆವತರು. ಸ್ಟೀಫನ್ನಿಗೆ ಫೋನ್ ಮಾಡಿ, ಟೈಪಿಂಗ್ ಸೆಂಟರಿನ ಕೌಂಟರಿಗೆ ಒಬ್ಬ ಬೇಕು, ಇಲೆಕ್ಷನ್ ಮುಗಿಯಲಿ, ನೋಡುವಾ ಎಂದರು. ಸ್ಟೀಫನ್ ಅದನ್ನು ಹೆಂಡತಿಯಿಂದ ಮುಚ್ಚಿಡಲಿಲ್ಲ. ಒಂದು ವರ್ಷದಿಂದ ಮನೆಯಲ್ಲಿ ಕೂತು ಕೂತು ಸಾಕಾಗಿದೆ, ನನ್ನ ವೋಟು ಅವರಿಗೇ ಎಂದು ಊಟದ ಮೇಜಿನಲ್ಲಿ ಮುಖ ನೋಡಿ ಹೇಳಿದ. ಅವನ ತಟ್ಟೆಗೆ ಹಾಕಲೆಂದು ಎತ್ತಿದ್ದ ಮೀನನ್ನು ಲೂರ್ದ್ ಬಟ್ಟಲಿಗೇ ವಾಪಸು ಹಾಕಿದಳು. ಆದರೆ ಆರು ವರ್ಷದ ಹಿಂದೆ ಅವನು ಹೀಗೆ ಮುಖ ನೋಡಿ ಹೇಳಿರಲಿಲ್ಲವೆಂಬುದೂ ಅವಳಿಗೆ ನೆನಪಾಯಿತು.

ಭಾನುವಾರ ನೈಫ್ ರಸ್ತೆಯ ಹಿಂದಿನ ಹೋಟೆಲೊಂದರ ಪಾರ್ಟಿ ಹಾಲಿನಲ್ಲಿ ಮತದಾನ. ಟೂರಿಸ್ಟ್ ಕ್ಲಬ್ ಏರಿಯಾದಿಂದ ಹೊರಟ ಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಅಬುಧಾಬಿಯವರು ಬರುವ ಹೊತ್ತಿಗೆ ಅರ್ಧಕ್ಕರ್ಧ ಮತ ಬಿದ್ದಾಗಿತ್ತು. ಲೂರ್ದ್ ಮೇಜಿನ ಬಳಿ ಐಡಿ ಕಾರ್ಡ್ ಚಾಚಿದಳು. ಪಟ್ಟಿ ನೋಡುತ್ತಿದ್ದ ಪ್ರಿಯನ್ ಬೆರಳಿಟ್ಟು ಹುಡುಕಿ, ಅಲ್ಲೇ ತಡೆದು, ಮತ್ತೊಮ್ಮೆ ಓದಿ, ಅವಳ ಕೈಗೆ ಎರಡು ಚೀಟಿ ಕೊಟ್ಟ. ಸ್ಟೀಫನ್ನ ಖಾಲಿ ಕೈ ಅವನತ್ತ ಚಾಚಿಕೊಂಡೇ ಇತ್ತು.

ಹಿಂದಿನಿಂದ ಯಾರೋ ಕಿಸಕ್ಕೆಂದರು. ಸ್ಟೀಫನ್ ಕೈ ಹಿಂದಕ್ಕೆಳೆದುಕೊಂಡು ಜೇಬಿಗೆ ಹಾಕಿದ. ಅವನ ಕಿವಿ ಕೆಂಪಾಯಿತು. ಇಪ್ಪತ್ತೆರಡು ವರ್ಷ ಹೆಂಗಸರ ಕೈಗೆ ಆದದ್ದು ಒಂದು ನಿಮಿಷ ಗಂಡಸಿನ ಕೈಗೆ ಆಗಿತ್ತು, ಹಾಲಿನಲ್ಲಿ ಅದನ್ನು ನೋಡದವರಿರಲಿಲ್ಲ.

ಲೂರ್ದಳ ಜೊತೆ ಕೆಲಸ ಮಾಡುವ ಡೆಬೊರಾ ಅವಳ ಮೊಣಕೈ ಹಿಡಿದು ಮೂಲೆಗೆ ಎಳೆದಳು. ನಿಯಮ ಅವರದ್ದು, ನಾವು ಮಾಡಿದ್ದಲ್ಲ. ಎರಡೂ ಹಾಕಿ ಬಾ, ಇವತ್ತು ಒಂದೊಂದು ಮತಕ್ಕೂ ಜೀವ ಉಂಟು ಎಂದು ಪಿಸುಗುಟ್ಟಿದಳು. ಸುಳ್ಳಲ್ಲ. ಲೂರ್ದ್ ಚೀಟಿಗಳನ್ನು ನೋಡಿದಳು. ಎರಡರ ಮೇಲೂ ಅವಳ ಹೆಸರಿತ್ತು, ಕ್ಲಾರೆನ್ಸರ ಹೆಸರಿತ್ತು. ಎರಡು ಗುರುತು ಹಾಕಲು ಎರಡು ಸೆಕೆಂಡು ಸಾಕು. ಗೆದ್ದ ಮೇಲೆ ನಿಯಮ ತೆಗೆದರಾಯಿತು. ಆಸೆಯಾಗಲಿಲ್ಲವೆಂದರೆ ಸುಳ್ಳಾದೀತು, ಬಹಳ ಆಸೆಯಾಯಿತು. ಆಮೇಲೆ ಕ್ಲಾರಾಳ ಮನೆಯ ಸಾನ್ನಾಣ್ ನೆನಪಾಯಿತು.

ಅವಳು ಮೇಜಿನ ಮುಂದಕ್ಕೇ ವಾಪಸು ಬಂದು, ಎಲ್ಲರೆದುರು, ಒಂದು ಚೀಟಿಯನ್ನು ಸ್ಟೀಫನ್ನಿಗೆ ಕೊಟ್ಟಳು.

“ಇದು ನಿನ್ನದು. ಯಾರಿಗೆ ಬೇಕೋ ಅವರಿಗೆ ಹಾಕು. ನಾನು ಕೇಳುವುದಿಲ್ಲ.”

ಪ್ರಿಯನ್ ಆಗುವುದಿಲ್ಲವೆಂದ. ಹದಿನಾಲ್ಕನೇ ನಿಯಮದ ಪ್ರಕಾರ ಅವಲಂಬಿತರು ಹಾಕುವಂತಿಲ್ಲ. ಗಲಾಟೆ ಕೇಳಿ ಕ್ಲಾರೆನ್ಸರು ಬಂದರು. ಸ್ಟೀಫನ್ನ ಕೈಯ ಚೀಟಿ ನೋಡಿದರು, ಅವನ ಮುಖ ನೋಡಿದರು. ಈ ಮತ ತಮ್ಮದೆಂದು ಅವರಿಗೆ ಗೊತ್ತು. ಲೂರ್ದಳ ಕೈಯಲ್ಲಿ ಬಿಟ್ಟರೆ ಅವಳದಾಗುತ್ತದೆಂದೂ ಗೊತ್ತು.

“ಬಿಡು ಮಾರಾಯ, ಹಾಕಲಿ,” ಎಂದರು. “ಗಂಡಸಿನ ಮರ್ಯಾದೆಯ ಪ್ರಶ್ನೆ.”

ಅಷ್ಟಕ್ಕೇ ಬಿಟ್ಟಿದ್ದರೆ ಬಾಯಿಮಾತಾಗಿ ಹೋಗುತ್ತಿತ್ತು. ಆದರೆ ಮನುಷ್ಯನ ಅಭ್ಯಾಸ ಎಲ್ಲಿಗೆ ಹೋದೀತು? ಪುಸ್ತಕ ಎಳೆದುಕೊಂಡು, ‘ಅವಲಂಬಿತ ಸದಸ್ಯರು ಸ್ವತಃ ಮತ ಹಾಕಲು ಅನುಮತಿಸಲಾಗಿದೆ’ ಎಂದು ಮುದ್ದಾಗಿ ಬರೆದು, ಸಹಿ ಮಾಡಿ, ಠಪ್ಪೆಂದು ನೀಲಿ ಸೀಲು ಹೊಡೆದರು. ಸ್ಟೀಫನ್ ಪರದೆಯ ಹಿಂದೆ ಹೋಗಿ ಬಂದ. ಅವನ ಬೆನ್ನು ನೆಟ್ಟಗಾಗಿತ್ತು.

ಆಗ ಗೋಡೆಯ ಬದಿಯ ಕುರ್ಚಿಯಿಂದ ಮಾಜಿದಾ ಎದ್ದಳು. ಭಟ್ಕಳದವಳು, ನೈಫಿನಲ್ಲಿ ಬಟ್ಟೆ ಅಂಗಡಿಯಿಟ್ಟಿರುವ ಶಬ್ಬೀರರ ಹೆಂಡತಿ. ಇಪ್ಪತ್ತು ವರ್ಷದಿಂದ ಬರುತ್ತಿದ್ದರೂ ಹಾಲಿನಲ್ಲಿ ಅವಳ ದನಿ ಕೇಳಿದವರಿಲ್ಲ. ಶಬ್ಬೀರರು ಎರಡು ಚೀಟಿ ಹಿಡಿದು ಸಾಲಿನಲ್ಲಿದ್ದರು. ಅವಳು ಬುರ್ಖಾ ಸರಿಮಾಡಿಕೊಂಡು ಬಂದು ಪುಸ್ತಕವನ್ನು ತನ್ನತ್ತ ತಿರುಗಿಸಿ, ಆ ಸಾಲನ್ನು ನಿಧಾನಕ್ಕೆ ಓದಿದಳು.

“ಅವಲಂಬಿತ ಸದಸ್ಯರು ಅಂತ ಬರೆದಿದ್ದೀರಿ,” ಎಂದಳು. “ನಾನೂ ಅದೇ ಅಲ್ಲವಾ? ಇವರ ಕೈಯಲ್ಲಿರುವುದರಲ್ಲಿ ಒಂದು ನನ್ನದು.”

ಕ್ಲಾರೆನ್ಸರು ಅದು ಬರೇ ಸ್ಟೀಫನ್ನಿಗೆ, ವಿಶೇಷ ಸಂದರ್ಭ ಎಂದೇನೋ ತೊದಲಿದರು. ಸ್ಟೀಫನ್ನ ಹೆಸರು ಎಲ್ಲಿದೆ ತೋರಿಸಿ ಎಂದು ಮಾಜಿದಾ ಕೇಳಿದಳು. ಎಲ್ಲೂ ಇರಲಿಲ್ಲ. ಶಬ್ಬೀರರು ಒಂದು ಗಳಿಗೆ ಹೆಂಡತಿಯನ್ನು ನೋಡಿ, ಮೀಸೆಯಡಿಯಲ್ಲಿ ನಕ್ಕು, ಒಂದು ಚೀಟಿ ಅವಳ ಕೈಗಿಟ್ಟರು. “ಖಲಾಸ್ ಕ್ಲಾರೆನ್ಸ್ ಭಾಯಿ,” ಎಂದರು. “ನಿಮ್ಮದೇ ಸೀಲು.”

ಆಮೇಲೆ ಕುರ್ಚಿಗಳು ಸರಿಯುವ ಸದ್ದೇ ಸದ್ದು. ಬಿರಿಯಾನಿ ಕೂಪನ್ ಪರ್ಸಿಗೆ ತುರುಕಿ ಹೆಂಗಸರು ಎದ್ದು ಬಂದರು. ಗಂಡನ ಕೈಯಿಂದ ಕೇಳಿ ತೆಗೆದುಕೊಂಡವರು, ಕೇಳದೆ ಕಿತ್ತುಕೊಂಡವರು, ಗಂಡ ಬೆಳಿಗ್ಗೆಯೇ ಹಾಕಿಬಿಟ್ಟಿದ್ದಕ್ಕೆ ಅಲ್ಲೇ ಜಗಳ ತೆಗೆದವರು. ಒಬ್ಬರಂತೂ ತಮ್ಮ ಚೀಟಿ ಡಬ್ಬಿಯಿಂದ ವಾಪಸು ಬೇಕೆಂದೇ ಹಟ ಹಿಡಿದರು. ಲೂರ್ದ್ ತನ್ನ ಮತ ಹಾಕಿ ಬಂದು ಗೋಡೆಗೊರಗಿ ನಿಂತಳು. ಕಣ್ಣು ತುಂಬಿ ಬಂದದ್ದನ್ನು ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ಸಂಜೆ ನಾಲ್ಕಕ್ಕೆ ಎಣಿಕೆ ಮುಗಿಯಿತು. ಕ್ಲಾರೆನ್ಸ್ ಮುನ್ನೂರೆರಡು, ಲೂರ್ದ್ ಮುನ್ನೂರೊಂದು. ಡೆಬೊರಾ ಎರಡು ಸಲ ಎಣಿಸಿದಳು, ಅಂಕಿ ಅಲುಗಲಿಲ್ಲ. ಒಂದೇ ಒಂದು ಮತ. ಅದು ಯಾವುದೆಂದು ಡೆಬೊರಾಳಿಗೆ ಹೇಳಬೇಕಾಗಿರಲಿಲ್ಲ. ಅವಳು ಸ್ಟೀಫನ್ನನ್ನು ದುರುಗುಟ್ಟಿ ನೋಡಿದಳು.

ಕ್ಲಾರೆನ್ಸರು ಕೈ ಮುಗಿದು ಎದ್ದರು. ಲೂರ್ದ್ ಅಲ್ಲಾಡಲಿಲ್ಲ.

“ಕೂತುಕೊಳ್ಳಿ ಕ್ಲಾರೆನ್ಸ್ ಬಾಬ್. ಇನ್ನೊಂದು ಸಾಲು ಬರೆಯಲಿಕ್ಕುಂಟು. ಇವತ್ತಿನ ಅನುಮತಿ ಇನ್ನು ಮುಂದಿನ ಎಲ್ಲ ಚುನಾವಣೆಗೂ ಅನ್ವಯ ಅಂತ.”

ಅದು ಮಹಾಸಭೆಯಲ್ಲಿ ಆಗಬೇಕಾದ್ದು ಎಂದರು ಅವರು.

“ಹಾಗಾದರೆ ಇವತ್ತಿನದೂ ಸುಳ್ಳು. ಅನುಮತಿ ತಪ್ಪಾದರೆ ಸ್ಟೀಫನ್ನ ವೋಟು ತಪ್ಪು, ಮಾಜಿದಾಳ ವೋಟು ತಪ್ಪು. ಡಬ್ಬಿಯಲ್ಲಿ ಯಾರದು ಯಾವುದು ಅಂತ ನೀವು ಹೆಕ್ಕಿ ತೆಗೀತೀರಾ? ಇಡೀ ಇಲೆಕ್ಷನ್ನೇ ಮಾಫಿ, ಲೆಕ್ಕಕ್ಕಿಲ್ಲ. ನಿಮ್ಮ ಗೆಲುವು ಬೇಕಾ, ಹದಿನಾಲ್ಕನೇ ನಿಯಮ ಬೇಕಾ? ಎರಡರಲ್ಲಿ ಒಂದು ಇಟ್ಟುಕೊಳ್ಳಿ.”

ಹಾಲಿನಲ್ಲಿ ಯಾರೂ ಬಿರಿಯಾನಿಗೆ ಹೋಗಿರಲಿಲ್ಲ. ಹೆಂಗಸರು ಮೇಜಿನ ಸುತ್ತ ನಿಂತಿದ್ದರು. ಕ್ಲಾರೆನ್ಸರು ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದರು. ಬರೆದರು. ಸಹಿ ಹಾಕಿದರು. ಮಾಜಿದಾ ಸೀಲನ್ನು ಅವರ ಕೈಯ ಹತ್ತಿರಕ್ಕೆ ಸರಿಸಿದಳು.

ಹೆಂಗಸರೆಲ್ಲ ಬಸ್ಸಿನಲ್ಲಿ ಹಾಡಿಕೊಂಡು ಹೊರಟರು. ಸ್ಟೀಫನ್ ಪ್ರಿಯನ್ನ ಕಾರನ್ನು ಒಂದು ದಿನದ ಮಟ್ಟಿಗೆ ಕೇಳಿಕೊಂಡು ಓಡಿಸಿದ, ಲೂರ್ದ್ ಪಕ್ಕದಲ್ಲಿ ಕೂತಳು. ಅಬುಧಾಬಿಯ ದಾರಿಯಲ್ಲಿ ಜೆಬೆಲ್ ಅಲಿ ದಾಟಿತು.

“ನಾನು ಕ್ಲಾರೆನ್ಸ್ ಬಾಬರಿಗೇ ಹಾಕಿದೆ,” ಎಂದ ಸ್ಟೀಫನ್.

ಹೇಳಿಯೇ ಹಾಕಿದ್ದೀಯಲ್ಲ ಎಂದಳು ಲೂರ್ದ್. ಸಿಟ್ಟಿತ್ತು, ಇಲ್ಲವೆನ್ನಲಿಲ್ಲ. ಇನ್ನು ಒಂದು ವಾರ ಚಹಾ ನೀನೇ ಮಾಡು ಎಂದೂ ಹೇಳಿದಳು. ಅಬುಧಾಬಿ ಸೇರಿದಾಗ ಮನೆಯ ಕಡೆ ತಿರುಗಿಸಹೋದವನನ್ನು ತಡೆದು, ಖಾಲಿದಿಯಾಕ್ಕೆ ಬಿಡು ಎಂದಳು. ಯಾರ ಮನೆಗೆಂದು ಅವನು ಕೇಳಲಿಲ್ಲ.

ಕ್ಲಾರಾ ಬಾಗಿಲು ತೆಗೆದಾಗ ಇಬ್ಬರೂ ಹೊಸ್ತಿಲಲ್ಲೇ ನಿಂತರು. ಲೂರ್ದ್ ಸೋತ ಸುದ್ದಿ ಅವಳಿಗೆ ಮೊಬೈಲಿನಲ್ಲಿ ಬಂದಾಗಿತ್ತು. ಪಾಪ ಎಂದು ಸಮಾಧಾನ ಹೇಳಲು ಬಾಯಿ ತೆರೆದಳು.

“ನಾನು ಸಮಾಧಾನಕ್ಕೆ ಬಂದದ್ದಲ್ಲ ಕ್ಲಾರಾ,” ಎಂದಳು ಲೂರ್ದ್. “ಆವತ್ತು ನಿನಗೆ ಹಾಕಿದ್ದೆ ಅಂದೆನಲ್ಲ, ಅದು ಸುಳ್ಳು. ನನ್ನ ಚೀಟಿ ನನ್ನ ಕೈಗೇ ಬಂದಿರಲಿಲ್ಲ.”

“ಎರಡೂ ನಾನೇ ಹಾಕಿದ್ದು,” ಎಂದ ಸ್ಟೀಫನ್, ನೆಲ ನೋಡುತ್ತ. “ನಿನ್ನ ವಿರುದ್ಧ.”

ಕ್ಲಾರಾ ಬಾಗಿಲ ಚಿಲಕ ಹಿಡಿದೇ ನಿಂತಳು. ಬಾಗಿಲು ಮುಖಕ್ಕೇ ಹಾಕುತ್ತಾಳೇನೋ ಎಂದು ಲೂರ್ದಳಿಗೆ ಅನ್ನಿಸಿತು, ಹಾಕಿದರೂ ತಪ್ಪಿಲ್ಲವೆಂದೂ ಅನ್ನಿಸಿತು. ಲೂರ್ದ್ ಮತದಾನದ ಹಾಲಿನಿಂದಲೇ ತಂದಿದ್ದ ಒಂದು ನಾಮಪತ್ರವನ್ನು ಪರ್ಸಿನಿಂದ ತೆಗೆದು ಚಾಚಿದಳು. ಮೂರು ತಿಂಗಳಲ್ಲಿ ಸಮಿತಿಯ ಚುನಾವಣೆ. ಹುದ್ದೆ ಎಂಬಲ್ಲಿ ಆಗಲೇ ‘ಅಧ್ಯಕ್ಷೆ’ ಎಂದು ದಪ್ಪಗೆ ಬರೆದಿತ್ತು. ಹೆಸರಿನ ಜಾಗ ಮಾತ್ರ ಖಾಲಿ.

ಕ್ಲಾರಾ ಅದನ್ನು ಕೈಗೆ ತೆಗೆದುಕೊಂಡು ಹುದ್ದೆಯ ಹೆಸರನ್ನು ಓದಿದಳು. ಆಮೇಲೆ ಬಾಗಿಲಿನಿಂದ ಬದಿಗೆ ಸರಿದು, ಒಳಗೆ ಬನ್ನಿ, ಪೆನ್ನು ಅಡುಗೆಮನೆಯಲ್ಲಿ ಉಂಟು ಎಂದಳು.