ಮೂರನೆಯ ಸಾಲು
೧೯೫೬ರಲ್ಲಿ ನಮ್ಮ ಬಿಷಪ್ಪರು ನಿವೃತ್ತರಾದಾಗ, ಕನ್ನಡದವರ ಪರವಾಗಿ ಬಿನ್ನವತ್ತಳೆ ಓದಲು ಬೀಳ್ಕೊಡುಗೆ ಸಮಿತಿಯ ಮೆಂಡೋನ್ಸಾ ನನ್ನನ್ನು ಮುಂಬಯಿಯ ದಾದರಿನ ಸಭಾಂಗಣಕ್ಕೆ ಕರೆಸಿದ. ಧಾರಾವಿಯ ತೊಗಲು ಕೆಲಸದ ಹೆಂಗಸರಲ್ಲಿ ಓದು ಬರುತ್ತಿದ್ದುದು ನನಗೊಬ್ಬಳಿಗೇ. ಜೊತೆಗೆ ಬಂದ ಅವ್ವ ಗೇಟಿನಲ್ಲೇ ಉಳಿಯಬೇಕಾಯಿತು.

ಬಿನ್ನವತ್ತಳೆ ಬರೆದವನು ಮೆಂಡೋನ್ಸಾನೇ. ಮೂರನೆಯ ಸಾಲಿಗೆ ನನ್ನ ಮೈಯೆಲ್ಲ ಉರಿಯಿತು: "ಗಬ್ಬು ನಾರುವ ಧಾರಾವಿಗೆ ಮೊದಲ ದಿನವೇ ಮೂಗು ಮುಚ್ಚದೆ ಬಂದ ಮಹಾನುಭಾವರು."

ಶುದ್ಧ ಸುಳ್ಳು! ಅಂದು ಬಿಷಪ್ಪರು ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡೇ ಬಂದಿದ್ದರು. ತೊಗಲು ಹದ ಮಾಡುತ್ತಿದ್ದ ನನ್ನ ಅವ್ವ ಬಸಲಿಂಗವ್ವ ಎದ್ದು ಬಂದು ಗದರಿಸಿದ್ದಳು: "ನಾವು ಉಣ್ಣೂದು ಇದ ವಾಸನ್ಯಾಗ್ರಿ. ಆಗದಿದ್ರ ತಿರುಗಿ ಹೋಗ್ರಿ!"

ಅವರು ಕರವಸ್ತ್ರವನ್ನು ಜೇಬಿಗಿಳಿಸಿ, ನಮ್ಮ ಖೋಲಿಯಲ್ಲಿ ಕೂತು ರೊಟ್ಟಿ ತಿಂದರು. ಆಮೇಲೆ ಒಂಬತ್ತು ವರ್ಷ ತಪ್ಪದೆ ಬಂದರು. ಆ ಕರವಸ್ತ್ರ ಮತ್ತೆ ಹೊರಬರಲಿಲ್ಲ. ಅವರ ದೊಡ್ಡತನ ಇರುವುದೇ ಅಲ್ಲಿ.

"ಈ ಸಾಲು ನಾ ಓದಂಗಿಲ್ರಿ," ಎಂದೆ.

"ನಿಜ ಹೇಳಿದ್ರೆ ಬಿಷಪರಿಗೆ ಅವಮಾನ ಅಲ್ವಾ ಮಾರಾಯ್ತಿ? ಬರ್ದದ್ದು ಓದಿದ್ರೆ ಸಾಕು," ಎಂದ ಮೆಂಡೋನ್ಸಾ.

"ನಮ್ಮವ್ವನ್ನ ಅಳಿಸಿ ಹಾಕೀರಲ್ಲ, ಅದು ಅವಮಾನ ಅಲ್ಲೇನು?"

ಕಾಗದವನ್ನು ಅವನ ಕೈಗೇ ತುರುಕಿ, ವೇದಿಕೆ ಹತ್ತಿ, ನಡೆದದ್ದನ್ನು ನಡೆದಂತೆ ಹೇಳಿಬಿಟ್ಟೆ. ಬಿಷಪ್ಪರು ಎದ್ದು ನಿಂತು, ನಮ್ಮಿಂದಲೇ ಕಲಿತ ಕನ್ನಡದಲ್ಲಿ ಕೇಳಿದರು:

"ಬಸಲಿಂಗವ್ವ ಎಲ್ಲಿ ಅದಾರ?"

ನಾನು ಮೆಂಡೋನ್ಸಾನ ಕಡೆ ಕೈ ಮಾಡಿದೆ.

"ಹೊರಗ, ಗೇಟಿನ ಬಾಜೂಕ ನಿಂತಾಳ್ರಿ. ವಾಸನಿ ಬರ್ತೈತಿ ಅಂತ ಇವರು ಒಳಗ ಬಿಡಲಿಲ್ಲ."