ಬಾಯಿ ಮುಚ್ಚುವ ಪಾಠ

ಪ್ಯಾರಿಸ್‌ನಿಂದ ದೂರದ ಕಾಂಕಾಲ್ ಊರಿನ ಕಡಲಲ್ಲಿ ತಿನ್ನುವ ಸಿಂಪಿ ಸಾಕುವ ನಾವು, ಮಾರುವ ಮುಂಚೆ ಅವಕ್ಕೆ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಸುತ್ತೇವೆ. ಮೊದಲ ದಿನ ಒಂದು ಗಂಟೆ ನೀರಿನಿಂದ ಹೊರಗೆ, ಆಮೇಲೆ ಎರಡು, ಹೀಗೆ. ಕಲಿತ ಸಿಂಪಿ ಪ್ಯಾರಿಸ್ ಮುಟ್ಟುವವರೆಗೂ ಒಳಗಿನ ನೀರು ಚೆಲ್ಲುವುದಿಲ್ಲ. ಕಲಿಯದ್ದು ದಾರಿಯಲ್ಲೇ ಸಾಯುತ್ತದೆ.

ನನ್ನ ಬಾಯಿಯಿಂದಾಗಿ ಮಗಳು ರೋಜೆನ್‌ಗೆ ಬಂದ ಎರಡು ಸಂಬಂಧ ಮುರಿದಿದ್ದವು. ಮೂರನೆಯ ಹುಡುಗನ ಅಪ್ಪ ಲಾಶೋಮ್, ಕಡಲಿಲ್ಲದ ಲಿಯೋನ್ ಊರಿನಿಂದ ಊಟಕ್ಕೆ ಬರುವವನಿದ್ದ.

"ಮಿದುಳಿಲ್ಲದ ಸಿಂಪಿ ಮೂರು ವಾರದಲ್ಲಿ ಕಲಿಯುತ್ತೆ. ನಿಂಗೆ ಐವತ್ತೆರಡು ವರ್ಷ ಸಾಲ್ಲಿಲ್ಲ" ಎಂದಳು ಹೆಂಡತಿ ಸ್ವಾಜಿಕ್. ಸಿಂಪಿ ಬುಟ್ಟಿಗಳ ಸಾಲಿನಲ್ಲೇ ನನಗೂ ಕುರ್ಚಿ ಹಾಕಿದಳು. ಹೊತ್ತು ಮುಗಿದಾಗ ನಮಗೆಲ್ಲ ಒಟ್ಟಿಗೇ ಕಡಲ ನೀರು ಹೊಯ್ಯುತ್ತಿದ್ದಳು. ಬಾಯಿ ಬಿಡಲು ಆಗ ಮಾತ್ರ ಅಪ್ಪಣೆ.

ಲಾಶೋಮ್ ಬಂದ. ಎರಡು ಡಜನ್ ಹಸಿ ಸಿಂಪಿ ಬಿಡಿಸಿ ಮುಂದಿಟ್ಟೆ. ನಾಲಿಗೆಗೆ ಮೊದಲು ಉಪ್ಪು, ಕೊನೆಗೆ ಹಸಿ ಬಾದಾಮಿಯ ಸಿಹಿ. ತಿಂದವನ ರಕ್ತಕ್ಕೆ ಬೇಕಾದ ಕಬ್ಬಿಣವೂ ಅದರಲ್ಲಿದೆ. ಆ ಮನುಷ್ಯ ರುಚಿಯೆಲ್ಲ ಇರುವ ಒಳಗಿನ ಕಡಲ ನೀರನ್ನೆಲ್ಲ ಬಸಿದು ಚೆಲ್ಲಿ, ಜೇಬಿನಿಂದ ಟೊಮೆಟೊ ಸಾಸ್ ತೆಗೆದು ಸುರಿದ. "ಕೊಳಕು ನೀರು ನೋಡಿ" ಎಂದ.

ನಾನು ಬಾಯಿ ಬಿಡಲಿಲ್ಲ. ಹೆಮ್ಮೆಯಿಂದ ಸ್ವಾಜಿಕ್‌ಳ ಕಣ್ಣು ತುಂಬಿ ಬಂತು.

"ಮದುವೆಗೆ ನಿಮ್ಮ ಒಪ್ಪಿಗೆ ಇದೆ ತಾನೇ, ಯಜಮಾನ್ರೇ?" ಎಂದು ಲಾಶೋಮ್ ನನ್ನನ್ನು ಕೇಳಿದ.

ಇದೆ ಎನ್ನಲು ಹೊರಟೆ. ಬಾಯಿ ತೆರೆಯಲಿಲ್ಲ. ಎರಡೂ ಕೈಯಿಂದ ಎಳೆದೆ. ಊಹೂಂ.

"ಒಂದು ಮಾತಿಗೂ ನಾವು ಲಾಯಕ್ಕಿಲ್ವಾ?" ಲಾಶೋಮ್ ಎದ್ದು ಟೋಪಿ ಹಾಕಿಕೊಂಡ.

ಸ್ವಾಜಿಕ್ ಸಿಂಪಿ ಬಿಡಿಸುವ ಚಾಕು ತಂದು, ನನ್ನ ದವಡೆಯ ಕೀಲು ತಡಕಿದಳು.

"ಚಾಕು ಬೇಡಮ್ಮ, ನೀರು" ಎಂದಳು ರೋಜೆನ್, ಅಳುತ್ತ. "ನೀವೂ ಕುರ್ಚಿಯ ಒಂದು ಕಾಲು ಹಿಡೀರಿ ಸಾರ್. ಅಪ್ಪ ಬಾಯಿ ಬಿಟ್ಟ ಮೇಲೆ ಬೇಕಾದ್ರೆ ಹೋಗಿ."

ಕುರ್ಚಿ ಸಮೇತ ನನ್ನನ್ನು ಕಡಲಿಗೆ ಹೊತ್ತರು. ಉಬ್ಬರ ಏರುತ್ತಿತ್ತು. ನೀರು ಗದ್ದ ಮುಟ್ಟಿದಾಗ ಬಾಯಿ ತೆರೆಯಿತು.

"ಒಪ್ಪಿಗೆ" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಆದ್ರೆ ಸಿಂಪಿ ನೀರು ಚೆಲ್ಲಿ ಸಾಸ್ ಸುರಿಯೋನು ಮನುಷ್ಯನಲ್ಲ, ಕತ್ತೆ."

ಕುರ್ಚಿಯ ಕಾಲು ಹಿಡಿದು ಬಗ್ಗಿದ್ದ ಲಾಶೋಮ್ ಉತ್ತರಕ್ಕೆಂದು ಬಾಯಿ ತೆರೆದ. ಅಲೆಯೊಂದು ಬಂದು ಅದರೊಳಗೆ ತುಂಬಿತು. ನುಂಗಿದ. ಸ್ವಲ್ಪ ಹೊತ್ತು ನಾಲಿಗೆ ಆಡಿಸಿದ.

"ನಾನು ಚೆಲ್ಲಿದ್ದು ಇದನ್ನೇನಾ?"

"ಇದನ್ನೇ."

"ಇನ್ನೊಂದು ಡಜನ್ ಇದೆಯಾ?"

ಮದುವೆಯ ದಿನ ನನ್ನ ಕುರ್ಚಿಯನ್ನು ಒಂದು ಹನಿ ನೀರೂ ಸಿಡಿಯದ ಜಾಗದಲ್ಲಿ ಹಾಕಿದ್ದರು.