ರಾಗಿ ಹೊಟ್ಟೆಗೆ ಗೌಡರ ಗೋಧಿ

ಬಿ.ಎಸ್ಸಿ. ಪಾಸಾಗಿ ಹಾಸನದಿಂದ ಕಟ್ಟಾಯದ ಕೇರಿಗೆ ಮರಳಿದ ಮೇಲೆ ತನ್ನ ಮೂಗಿಗೆ ಕೊಬ್ಬು ಬಂದಿರಬಹುದೇ ಎಂಬ ಚಿಂತೆ ಪ್ರೇಮಕುಮಾರಿಗೆ ಹತ್ತಿತ್ತು. ಅವ್ವ ಸಣ್ಣಕ್ಕ ಗೋಧಿ ರೊಟ್ಟಿ ತಟ್ಟಿಕೊಟ್ಟರೆ ಅದರ ಮುಗ್ಗಲು ವಾಸನೆಗೆ ತುತ್ತು ಒಳಗಿಳಿಯಲಿಲ್ಲ. ಹೆತ್ತವಳ ಕೈರೊಟ್ಟಿಗೆ ಮೂಗು ಮುರಿಯುವಷ್ಟು ದೊಡ್ಡವಳಾದೆನೇ ಎಂದು ತನ್ನನ್ನೇ ಬೈದುಕೊಂಡು, ಮರೆಯಲ್ಲಿ ರೊಟ್ಟಿಯನ್ನು ನಾಯಿಗೆ ಹಾಕಿದಳು. ನಾಯಿ ಮೂಸಿತು, ಅವಳ ಮುಖ ನೋಡಿತು, ಬಾಲ ಮುದುರಿಕೊಂಡು ಹೊರಟೇ ಹೋಯಿತು. ಪ್ರೇಮಕುಮಾರಿಗೆ ತುಸು ಸಮಾಧಾನವಾಯಿತು. ನಾಯಿಯೇನೂ ಬಿ.ಎಸ್ಸಿ. ಓದಿರಲಿಲ್ಲ.

ಹೊತ್ತೇರುವಷ್ಟರಲ್ಲಿ ಕೇರಿಗೆ ಕೇರಿಯೇ ಕಕ್ಕುತ್ತಿತ್ತು. ಸಣ್ಣಕ್ಕ ಗೋಡೆ ಹಿಡಿದು ಕೂತಿದ್ದಳು.

“ಯೆಂಡ ಕುಡ್ದೋರಂಗೆ ಭೂಮಿ ತಿರುಗ್ತಾದೆ ಕಣವ್ವ. ಕುಡ್ದಿದ್ರೆ ಒಸಿ ಸುಖನಾದ್ರೂ ಇರೋದು.”

ಮಗಳು ಮೊರದ ಗೋಧಿಯನ್ನು ಬಿಸಿಲಿಗೆ ಹಿಡಿದಳು. ಸುಕ್ಕಿದ ಕಾಳು, ಮೇಲೆ ತೆಳ್ಳಗೆ ಗುಲಾಬಿ ಬೂಷ್ಟು. ತೆನೆ ಕಟ್ಟುವ ಹೊತ್ತಿಗೆ ಜಡಿಮಳೆ ಹಿಡಿದು ಚನ್ನಪ್ಪಗೌಡರ ಹೊಲವೆಲ್ಲ ಬಿಳಿಚಿಕೊಂಡು, ಅರ್ಧ ಬೆಳೆ ಜಳ್ಳಾಗಿತ್ತು. ಉಳಿದದ್ದು ಇದು. ಕೂಲಿಯೆಂದು ಕೇರಿಗೆ ಬಂದಿತ್ತು.

“ಅವ್ವ, ಬೂಷ್ಟು ವಿಷ ಬಿಟ್ಟೈತೆ. ತೊಳೆದ್ರೂ ಹೋಗಲ್ಲ, ಬೇಯಿಸಿದ್ರೂ ಹೋಗಲ್ಲ.”

“ಮೂರು ನೀರ್ನಾಗೆ ತೊಳ್ದಿವ್ನಿ. ಇನ್ನೇನು ಸೀಗೇಕಾಯಿ ಆಕಿ ಉಜ್ಜನಾ?”

ಅಂದೇ ಮತ್ತೆ ಕಾಳು ಅಳೆಯುವ ದಿನ. ಅವ್ವ ಏಳಲಾರದೆ, ಅಪ್ಪ ಕೆಂಚಯ್ಯನ ಜೊತೆ ಸೆರಗೊಡ್ಡಲು ಅವಳೇ ಹೋಗಬೇಕಾಯಿತು.

“ಬಾಯ್ ಬುಡಬ್ಯಾಡ ಮಗ,” ದಾರಿಯಲ್ಲಿ ಅಪ್ಪ ಎಚ್ಚರಿಸಿದ. “ಬ್ಯಾಡ ಅಂದ್ರೆ ನಾಳಿಂದ ಕೆಲ್ಸಕ್ಕೆ ಕರೆಯಾಕಿಲ್ಲ.”

ಅವಳಿಂದ ಆ ಅಪಾಯವೇನೂ ಇರಲಿಲ್ಲ. ಪರೀಕ್ಷೆಗೆ ಬಂದ ಮೇಷ್ಟರು ಹೆಸರು ಕೇಳಿದರೆ ಬೆಂಚಿಗಷ್ಟೇ ಕೇಳುವಂತೆ ಉತ್ತರ ಹೇಳಿ ಬಂದವಳು ಅವಳು.

ಕಣದಲ್ಲಿ ಗೌಡರು ಅಳೆಯುವ ಬಳ್ಳ ಹಿಡಿದು ರಾಶಿಯ ಪಕ್ಕ ನಿಂತಿದ್ದರು.

“ಏನ್ಲಾ ಕೆಂಚ, ನಿಮ್ ಕೇರಿನಾಗೆ ಎಲ್ರೂ ಬಸುರಾಗವ್ರಂತೆ? ಗಂಡಸ್ರೂವೆ?”

ಸುತ್ತಲಿದ್ದವರು ನಕ್ಕರು. ಕೆಂಚಯ್ಯನೂ ನಕ್ಕ. ನಗದಿದ್ದರೆ ಅದೊಂದು ತಪ್ಪಾಗುತ್ತಿತ್ತು.

“ಗೋದಿ ತಿಂದು ವಾಂತಿ, ಬುದ್ದೀ.”

“ರಾಗಿ ಒಟ್ಟೆ ಕಣ್ಲಾ ನಿಮ್ದು! ಗೋದಿ ದಕ್ಕಾಕೆ ಜಾತಿ ಬೇಕು, ಬೋಳಿಮಗನೆ. ಏಯ್ ಅಮ್ಮಿ, ಒಡ್ಡು ಸೆರಗಾ.”

ಮೈಲಿಗೆ ತಾಗದಂತೆ ಎತ್ತರದಿಂದ ಬಳ್ಳ ಬಗ್ಗಿಸಿ, ಮೊದಲ ಅಳತೆಗೆ ‘ಒಂದು’ ಎನ್ನಬಾರದೆಂಬ ವಾಡಿಕೆಯಂತೆ, “ಲಾಭಾ...” ಎಂದು ಗೌಡರು ರಾಗ ಎಳೆದರು. ಸೆರಗಿನಿಂದ ಗುಲಾಬಿ ದೂಳೆದ್ದಿತು. ಅಷ್ಟರಲ್ಲಿ ಗೂಟ ಕಿತ್ತುಕೊಂಡು ಬಂದ ಅವರದೇ ಎತ್ತು ರಾಶಿಗೆ ಬಾಯಿ ಹಾಕಿತು.

“ಎಳ್ಕಳ್ರಲಾ ಎತ್ತಾ! ಅದ ತಿಂದ್ರೆ ಸತ್ತೋಯ್ತದೆ ಕಣ್ರಲಾ!”

ಬಳ್ಳ ಬಿಸುಟು ಕೂಗಿದ ಗೌಡರು ಎತ್ತಿನ ದವಡೆಗೇ ಕೈಯಿಟ್ಟು, ಜೊಲ್ಲು ಸುರಿಸುತ್ತಿದ್ದ ಬಾಯಿಂದ ಕಾಳು ಬಗೆಬಗೆದು ತೆಗೆದರು. ಆಮೇಲೆ ತಲೆಯೆತ್ತಿದರು. ಕಣದಲ್ಲಿ ಯಾರೂ ನಗುತ್ತಿರಲಿಲ್ಲ.

ಪ್ರೇಮಕುಮಾರಿ ಸೆರಗು ಬಿಟ್ಟಳು. ಗೋಧಿಯೆಲ್ಲ ಗೌಡರ ಚಪ್ಪಲಿಯ ಮೇಲೆ ಸುರಿಯಿತು. ಅಪ್ಪ ರಟ್ಟೆ ಹಿಡಿದು ಜಗ್ಗುತ್ತಿದ್ದ. ಅವಳು ಜಗ್ಗಲಿಲ್ಲ.

“ನಿಮಗೆ ಗೊತ್ತಿತ್ತು ಗೌಡ್ರೇ,” ಎಂದಳು, ಕಣದ ಆಚೆ ಬೇಲಿಯವರೆಗೂ ಕೇಳುವಂತೆ.